ಕಣ್ಣು ತೆರೆಸುವ ವಿರೂಪಣ್ಣ

ರಾಯಚೂರಿನ ತೀನ್ ಕಂದೀಲ್ ಚೌಕದಲ್ಲಿ ಪೇಂಟರ್ ವಿರೂಪಣ್ಣ ಕಾಣಿಸಿಕೊಂಡರೆಂದರೆ ಜನ ಮುಖ ತಿರುಗಿಸುತ್ತಿದ್ದರು. ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕೂಡಿಸಿಕೊಂಡು ಚಹಾ ಕುಡಿಸುವವರು, ಮನೆಯಲ್ಲಿ ಮದುವೆಯಾದರೆ ಮರೆಯದೆ ಕರೆಯುವವರು ಇದೇ ಜನ. ಆದರೆ ನಡೆಯುತ್ತ ನಡೆಯುತ್ತ ಗಕ್ಕನೆ ನಿಂತು, ಎಡಗಣ್ಣು ಮುಚ್ಚಿ, ಬಲಗೈಯ ಹೆಬ್ಬೆರಳನ್ನು ಎದುರಿಗೆ ಚಾಚಿ ಹಿಡಿದು, "ನಿಂದ್ರು, ನಿಂದ್ರು, ಹಂಗ ನಿಂದ್ರು" ಎಂದು ವಿರೂಪಣ್ಣ ಅಂದದ್ದೇ ತಡ, ಹಣ್ಣು ಮಾರುವ ಹೆಂಗಸು ಸೆರಗು ಎಳೆದುಕೊಳ್ಳುವಳು, ಟಾಂಗಾದವನು ಕುದುರೆಯ ಮರೆಗೆ ಸರಿಯುವನು, ಕಚೇರಿಯ ಗುಮಾಸ್ತರು ಪಟ್ಟನೆ ಕೊಡೆ ಬಿಚ್ಚುವರು. ಬಿಸಿಲಿಗೇ ಕೊಡೆ ಬಿಚ್ಚುವ ಊರು ಅದು, ಹಾಗಾಗಿ ಯಾರಿಗೂ ಯಾರೂ ಏನೂ ಅನ್ನುವಂತಿರಲಿಲ್ಲ.

ಅವರ ನಡಿಗೆಯೇ ಒಂದು ಅವಸರ. ಮೊದಲು ತಲೆ, ಆಮೇಲೆ ಎದೆ, ಎಲ್ಲಕ್ಕೂ ಕಡೆಗೆ ಕಾಲು ಎಂಬಂತೆ ಮುಂದಕ್ಕೆ ಬಾಗಿ ಧಾವಿಸುವ ಆ ಎತ್ತರದ ದೇಹದ ಮೇಲೆ ಬೇಸಿಗೆಯಿರಲಿ ಮಳೆಗಾಲವಿರಲಿ ಒಂದೇ ಒಂದು ಕರಿಯ ಶೇರವಾನಿ. ರಾಯಚೂರಿನ ವೈಶಾಖದಲ್ಲಿ ಬರಿಮೈಯಲ್ಲಿ ಕೂತವರೂ ಉಸ್ಸೆನ್ನುವಾಗ ಈ ಮನುಷ್ಯ ಕೊರಳಿನ ಗುಂಡಿಯವರೆಗೆ ಬಿಗಿದುಕೊಂಡು ಓಡಾಡುವುದನ್ನು ಕಂಡರೆ ನೋಡಿದವರಿಗೇ ಬೆವರು ಕಿತ್ತು ಬರಬೇಕು. ಅದರ ಎಡಜೇಬಿನಲ್ಲಿ ಅರಿವೆಯಲ್ಲಿ ಸುತ್ತಿದ ಕುಂಚಗಳು, ಬಲಜೇಬಿನಲ್ಲಿ ಪೆನ್ಸಿಲ್ಲು, ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿ ಎರಡೂ ಒಟ್ಟಿಗೆ. ದಾರಿಯುದ್ದಕ್ಕೂ ಮಂಡಾಳು ಮುಕ್ಕುತ್ತ ಪೆನ್ಸಿಲಿನ ಹೊಟ್ಟನ್ನೂ ಸಲೀಸಾಗಿ ನುಂಗುತ್ತಿದ್ದ ಆ ಪುಣ್ಯಾತ್ಮನಿಗೆ ಒಂದು ದಿನವೂ ಹೊಟ್ಟೆ ಕೆಡಲಿಲ್ಲ. ಮಾನ್ವಿಗೆಂದು ಟಿಕೀಟು ತೆಗೆಸಿದವರು ನಡುದಾರಿಯಲ್ಲಿ ಯಾವುದೋ ಹೊಲದ ಬದುವಿನ ಮೇಲೆ ಯಾರೋ ನಿಂತ ಭಂಗಿ ಕಂಡರೆ ಸಾಕು, ಕಂಡಕ್ಟರನನ್ನು ಕಾಡಿ ಬೇಡಿ ಇಳಿದುಬಿಡುವರು. ಹೋಗಿ ಮುಟ್ಟುವ ಹೊತ್ತಿಗೆ ಆ ಭಂಗಿ ಅಲ್ಲಿರುತ್ತಿರಲಿಲ್ಲ.

ಆ ಶೇರವಾನಿ ಅವರದಲ್ಲ, ಅವರ ಗುರುಗಳದು. ನಿಜಾಮರ ಆಳಿಕೆ ಮುಗಿಯುತ್ತ ಬಂದಿದ್ದ ಕಾಲಕ್ಕೆ ಹದಿನೆಂಟರ ವಿರೂಪಣ್ಣ ಮನೆಯವರೊಡನೆ ಜಗಳಾಡಿ ಹೈದರಾಬಾದಿಗೆ ಹೋಗಿ, ಮೀರಾಹುಸೇನ ಉಸ್ತಾದರ ಹತ್ತಿರ ಎರಡು ವರ್ಷ ಚಿತ್ರ ಕಲಿತರು. ಅಲ್ಲೊಬ್ಬ ನೀರು ಹೊರುವ ಮುದುಕ ಹುಡುಗರೆದುರು ಕೂರುತ್ತಿದ್ದ. ಕೂತಲ್ಲಿ ಕೂರದೆ ಕೆಮ್ಮುವ, ಬೆನ್ನು ಕೆರೆಯುವ, ಬೀಡಿಗೆ ತಡಕಾಡುವ ಅವನ ಮೇಲೆ ಹುಡುಗರೆಲ್ಲ ದೂರು ಹೇಳಿದಾಗ ಉಸ್ತಾದರು ನಕ್ಕು, "ಜಿಂದಾ ಚೀಜ್ ಠೈರತೀ ನೈ ಬೇಟಾ, ತೂ ಬೀ ಮತ್ ಠೈರ್" ಎಂದರಂತೆ. ಜೀವ ಇರುವುದು ನಿಲ್ಲುವುದಿಲ್ಲ ಮಗನೇ, ನೀನೂ ನಿಲ್ಲಬೇಡ. ಊರಿಗೆ ಮರಳುವ ದಿನ ಆ ಮಾತಿನ ಜೊತೆಗೆ ತಮ್ಮ ಮೈಮೇಲಿನ ಶೇರವಾನಿಯನ್ನೂ ತೆಗೆದು ಕೊಟ್ಟರು. ನನಗನ್ನಿಸುವ ಮಟ್ಟಿಗೆ ವಿರೂಪಣ್ಣ ಆ ಮಾತಿನ ಎರಡನೆಯ ಅರ್ಧವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು; ತಾವು ಎಲ್ಲೂ ನಿಲ್ಲಲಿಲ್ಲ. ಮೊದಲರ್ಧವನ್ನು ಮರೆತು ಮೂವತ್ತು ವರ್ಷ ಕಂಡಕಂಡವರಿಗೆಲ್ಲ "ನಿಂದ್ರು" ಎನ್ನುತ್ತ ತಿರುಗಿದರು.

ಜನ ಯಾಕೆ ಮುಖ ತಿರುಗಿಸುತ್ತಿದ್ದರೆಂಬುದನ್ನು ಹೇಳಬೇಕು. ನಮ್ಮ ಕಡೆಯ ಶರಣರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತಾರೆ. ಮೀಯಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ, ಬಾಯಿ ತೆರೆಯದಂತೆ ಗದ್ದಕ್ಕೊಂದು ಅರಿವೆ ಕಟ್ಟಿ, ಹೂವಿನಲ್ಲಿ ಮುಚ್ಚಿ, ಪೂಜೆಗೆ ಕೂತವರಂತೆ ಕುಳ್ಳಿರಿಸಿ ಭಜನೆ ಮಾಡುತ್ತಾರೆ. ಹುಟ್ಟಿದಂದಿನಿಂದ ಒಮ್ಮೆಯೂ ಫೋಟೋ ತೆಗೆಸಿಕೊಳ್ಳದ ಹಿರಿಯರು ಆಗಿನ ಹಳ್ಳಿಗಳಲ್ಲಿ ಸಾಲುಸಾಲು. ಹಾಗಾಗಿ ತೀನ್ ಕಂದೀಲಿನ ಹತ್ತಿರ ಸ್ಟುಡಿಯೋ ಇಟ್ಟಿದ್ದ ಖಾಸಿಂ ಸಾಬ್ ಮೂರು ಕಾಲಿನ ಕ್ಯಾಮೆರಾ ಹೊತ್ತು ಮೊದಲ ಬಸ್ಸಿಗೆ ಓಡಬೇಕು, ಕೂತ ಹೆಣದ ಫೋಟೋ ಹಿಡಿಯಬೇಕು. ಆಮೇಲಿನದು ವಿರೂಪಣ್ಣನ ಕೆಲಸ. ಗದ್ದದ ಅರಿವೆ ಅಳಿಸಿ, ಜೋತ ತುಟಿ ಎತ್ತಿ, ಕೆನ್ನೆಗೆ ರಕ್ತ ತುಂಬಿ, ಮುಚ್ಚಿದ ಕಣ್ಣು ತೆರೆಸಿ, ಸತ್ತವರನ್ನು ಬದುಕಿದವರಂತೆ ಕ್ಯಾನ್ವಾಸಿನ ಮೇಲೆ ಬರೆದುಕೊಡುವುದು.

ತೆರೆಸುವುದೇನೋ ಸರಿ, ಯಾವ ಕಣ್ಣು ತೆರೆಸುವುದು? ಫೋಟೋದಲ್ಲಿ ರೆಪ್ಪೆಯ ಹೊರತು ಬೇರೇನಿದೆ? ಅದಕ್ಕೇ ಅವರು ಸತ್ತವರ ಮನೆಗೆ ಹೋಗಿ ರಕ್ತ ಹಂಚಿಕೊಂಡವರನ್ನೆಲ್ಲ ಅಂಗಳದ ಬಿಸಿಲಿಗೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಣ್ಣನ್ನೂ ಎವೆಯಿಕ್ಕದೆ ನೋಡುವರು. ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಮನೆಯಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಇಪ್ಪತ್ತೆಂಟು ಮಂದಿಯನ್ನು ನಿಲ್ಲಿಸಿ, ಕಡೆಗೆ ಕೂಸಿನ ಕಣ್ಣನ್ನೇ ಎಂಬತ್ತರ ಅಜ್ಜನಿಗೆ ಕೊಟ್ಟುಬಿಟ್ಟರು. ಮನೆಯವರು ಪಟದೆದುರು ನಿಂತು, "ಅಜ್ಜ ಬಂದಂಗ ಆತು" ಎಂದು ಕೈಮುಗಿದರು. ಹೀಗೆ ಮಾನ್ವಿಯಿಂದ ದೇವದುರ್ಗದವರೆಗೆ ಎಷ್ಟೋ ಪಡಸಾಲೆಗಳಲ್ಲಿ ಸತ್ತವರು ಬದುಕಿದವರ ಕಣ್ಣಿನಿಂದ ಮನೆ ಕಾಯುತ್ತ ಕೂತರು.

ಇದರಿಂದ ಆದ ಕೇಡೆಂದರೆ, ವಿರೂಪಣ್ಣ ಬರೆದ ಮುಖಕ್ಕೆಲ್ಲ ಹಾರ ಬೀಳುತ್ತದೆಂಬ ಮಾತು ಊರೂರಿಗೆ ಹಬ್ಬಿತು. ಬದುಕಿದವರಾರೂ ಅವರೆದುರು ಕೂರಲು ಒಪ್ಪಲಿಲ್ಲ. ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ, ಸಾಯುವುದರೊಳಗೆ ಬದುಕಿರುವ ಒಂದು ಮುಖವನ್ನು ಎದುರಿಗೆ ನೋಡಿ ಬರೆಯಬೇಕು ಎನ್ನುವುದು. ಹೆಂಡತಿ ಅಂಬಮ್ಮನನ್ನು ಕೇಳಿದರೆ ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ನನ್ನ ಕಣ್ಣು ನಾನ ತೆರಕೊಂಡೀನ್ರಿ, ನೀವೇನು ತೆರಸ್ತೀರಿ? ಮುತ್ತೈದಿ ಆಗಿ ಬದುಕಾಕ ಬಿಡ್ರಿ ನನ್ನ" ಎಂದು ಖಡಾಖಂಡಿತವಾಗಿ ಹೇಳಿದ್ದಳು.

ನಾನು ಪ್ರೂಫ್ ತಿದ್ದುತ್ತಿದ್ದ ರಾಯಚೂರಿನ ವಾರಪತ್ರಿಕೆಗೆ ಕತೆಗಳ ಚಿತ್ರ ಬರೆಯುತ್ತಿದ್ದವರೂ ಅವರೇ. ಎಪ್ಪತ್ತರ ದಶಕದ ಆ ಸಂಚಿಕೆಗಳನ್ನು ಈಗ ತೆರೆದರೆ ಒಂದು ಸೋಜಿಗ ಕಾಣುತ್ತದೆ: ಒಂದು ಚಿತ್ರದಲ್ಲೂ ಮುಖವಿಲ್ಲ, ಎಲ್ಲರೂ ಬೆನ್ನು ತೋರಿಸಿದ್ದಾರೆ. ಎದುರಿನಿಂದ ಯಾರೂ ಸಿಗದಿದ್ದಾಗ ಹಿಂದಿನಿಂದಲೇ ಕದ್ದು ನೋಡಿ ಬರೆದದ್ದು. ಆದರೆ ಎಂಥ ಬೆನ್ನುಗಳು! ಹೆಣ್ಣು ಕೊಟ್ಟು ಮರಳುತ್ತಿರುವ ತಂದೆಯ ಬೆನ್ನು, ಸಂತೆಯಲ್ಲಿ ಮಾತು ಸೋತವನ ಬೆನ್ನು, ತವರಿನ ಬಸ್ಸು ಹತ್ತುವವಳ ಬೆನ್ನು. ಮುಖವಿದ್ದರೂ ಅಷ್ಟು ಹೇಳುತ್ತಿತ್ತೋ ಇಲ್ಲವೋ. ಸಂಪಾದಕರು ಒಮ್ಮೆ ತಲೆಕೆಟ್ಟು, "ಏನ್ರೀ ವಿರೂಪಣ್ಣ, ನಮ್ಮ ಕತಿ ಒಳಗಿನ ಮಂದಿ ಎಲ್ಲಾರೂ ಓದುಗರ ಮ್ಯಾಲ ಸಿಟ್ಟಾದಂಗ ಕುಂತಾರಲ್ಲ?" ಎಂದು ರೇಗಿದರು. ವಿರೂಪಣ್ಣ ಮಂಡಾಳು ಜಗಿಯುತ್ತಲೇ, "ಕತಿ ಒಳಗ ಅಷ್ಟ ಅಲ್ರಿ, ಊರಾಗೂ ಹಂಗ ಕುಂತಾರ" ಎಂದರು. ಮುಂದಿನ ವಾರವೂ ಬೆನ್ನೇ ಬಂತು.

ಎಪ್ಪತ್ತೆಂಟರ ಬೇಸಿಗೆ. ದೇವದುರ್ಗಕ್ಕೆ ಹೊರಟಿದ್ದ ಬಸ್ಸು ಗಬ್ಬೂರಿನಲ್ಲಿ ಗಾಲಿಯ ಗಾಳಿ ಕಳೆದುಕೊಂಡು ನಿಂತಿತು. ಇಳಿದವರೆಲ್ಲ ಬೇವಿನ ಮರದ ನೆರಳು ಸೇರಿದರು. ವಿರೂಪಣ್ಣ ಎಡಗಣ್ಣು ಮುಚ್ಚಿ ಹೆಬ್ಬೆರಳು ಎತ್ತಿದ್ದೇ ಎಲ್ಲರೂ ಒಬ್ಬರ ಹಿಂದೊಬ್ಬರು ಮರದ ಬೊಡ್ಡೆಯ ಕಡೆಗೆ ತಿರುಗಿ ನಿಂತರು. ಮೇವಿನ ಹೊರೆ ಹೊತ್ತು ಆ ದಾರಿಯಲ್ಲಿ ಬರುತ್ತಿದ್ದ ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ಮಾತ್ರ ತಿರುಗಲಿಲ್ಲ. ನೆಟ್ಟಗೆ ಬಂದು ಎದುರಿಗೇ ನಿಂತಳು.

"ಯಪ್ಪಾ, ಹಂಗ್ಯಾಕ ಒಂದ ಕಣ್ಣಿಲೆ ನೋಡ್ತಿ? ಎರಡೂ ತೆರದು ನೋಡು. ನೋಡಿದ್ರ ಮಾರಿ ಏನು ಸವೆಯಂಗಿಲ್ಲ."

ವಿರೂಪಣ್ಣ ಮುಚ್ಚಿದ್ದ ಕಣ್ಣು ತೆರೆದರು. ಅವರ ಹೆಬ್ಬೆರಳಿನಾಚೆ ಒಂದು ಮುಖ ನಿಂತು ಎಷ್ಟೋ ವರ್ಷಗಳಾಗಿದ್ದವು. ತೊದಲುತ್ತ, "ಬದುಕಿದವರ ಮಾರಿ ಒಂದರ ತೆಗೀಬೇಕಂತ ಆಸೆ ಅದ ಯವ್ವಾ. ಯಾರೂ ಕುಂದ್ರವಲ್ರು" ಎಂದರು.

"ನೀ ಪೇಂಟರ್ ವಿರೂಪಣ್ಣ ಹೌದಿಲ್ಲೋ? ಬಾ ಮನಿಗೆ. ನಿನ್ನ ಕೂಡ ಒಂದು ಜಗಳ ಬಾಕಿ ಅದ ನಂದು."

ಆಕೆಯ ಹೆಸರು ಬಸವಂತಮ್ಮ. ಎರಡು ಎಮ್ಮೆ, ನಾಲ್ಕೆಕರೆ ಜೋಳದ ಹೊಲ, ಗಡಿಗೆಪ್ಪನೆಂಬ ಮಗ, ಶರಣಮ್ಮನೆಂಬ ಸೊಸೆ, ಇಷ್ಟು ಆಕೆಯ ಲೋಕ. ಬೀದಿಯಲ್ಲಿ ಸೆರಗನ್ನು ಹೆಗಲ ಮೇಲೆ ಬಿಟ್ಟುಕೊಂಡು ದಿಮಾಕಿನಿಂದ ಬಂದವಳು ತನ್ನ ಮನೆಯ ಪಡಸಾಲೆಗೆ ಕಾಲಿಟ್ಟೊಡನೆ ತಲೆಯ ಮೇಲೆ ಸೆರಗು ಹೊದ್ದುಕೊಂಡದ್ದನ್ನು ಕಂಡು ವಿರೂಪಣ್ಣನಿಗೆ ಅಚ್ಚರಿಯಾಯಿತು. ಗೋಡೆಯ ಮೇಲೆ ಆಕೆಯ ಗಂಡನ ಪಟ, ತಾವೇ ಬರೆದದ್ದು.

"ನೋಡು. ಮಾರಿ ನನ್ನ ಗಂಡಂದು. ಕಣ್ಣು ಯಾರವು?" ಎಂದು ಕೇಳಿದಳು.

ವಿರೂಪಣ್ಣ ನೆನಪು ಮಾಡಿಕೊಂಡರು. ಅಂಗಳದಲ್ಲಿ ಎಲ್ಲರಿಗಿಂತ ಮುಂದೆ, ಒಳ್ಳೆಯ ಬೆಳಕಿನಲ್ಲಿ ನಿಂತಿದ್ದವನು ಸತ್ತವನ ಅಣ್ಣ. "ಅಣ್ಣ ತಮ್ಮ ಒಂದ ರಕ್ತ ಅಂತ..." ಎಂದು ತಡವರಿಸಿದರು.

"ರಕ್ತ ಒಂದ ಇರಬಹುದು, ನೋಟ ಒಂದ ಏನು? ಭಾವನ ಕಣ್ಣು ಹಚ್ಚಿ ಹೋದಿ ನೀ. ಹದಿನೆಂಟು ವರ್ಷ ಆತು, ನನ್ನ ಮನ್ಯಾಗ ನಾ ತಲಿ ಮ್ಯಾಲಿನ ಸೆರಗ ಇಳಿಸಿಲ್ಲ. ಭಾವ ಸತ್ತು ಹತ್ತು ವರ್ಷ ಆತು, ಇಲ್ಲಿ ಮಾತ್ರ ಇನ್ನಾ ನೋಡಾಕತ್ತಾನ!"

ಗಂಡನ ಅಣ್ಣನೆದುರು ಬರಿತಲೆಯಲ್ಲಿ ಸುಳಿಯಬಾರದೆಂಬುದು ಆ ಸೀಮೆಯ ಸೊಸೆಯಂದಿರು ಕೊನೆತನಕ ಬಿಡದ ನಡವಳಿಕೆ. ಹೇಳುತ್ತ ಹೇಳುತ್ತ ಬಸವಂತಮ್ಮ ತಾನೇ ನಕ್ಕಳು. ನಗು ಅರ್ಧಕ್ಕೇ ನಿಂತುಹೋಯಿತು.

"ನನ್ನ ಗಂಡ ನನ್ನ ಹೆಂಗ ನೋಡತಿದ್ದ ಅಂಬೋದು ಈಗ ನೆಪ್ಪಿಗೆ ಬರವಲ್ದು ಯಪ್ಪಾ. ನೆನಸಾಕ ಹೋದ್ರ ಇವ ಕಣ್ಣು ಬರ್ತಾವ."

ವಿರೂಪಣ್ಣ ಮತ್ತೆ ಪಟದ ಕಡೆ ನೋಡಿದರು. ಸತ್ತವರನ್ನು ಮನೆಗೆ ಮರಳಿ ತಂದುಕೊಡುವ ಪುಣ್ಯದ ಕೆಲಸ ತನ್ನದೆಂದು ತಿಳಿದಿದ್ದವರು ಒಬ್ಬ ಹೆಣ್ಣುಮಗಳ ಗಂಡನನ್ನು ಎರಡನೆಯ ಸಲ ಕಳೆದುಬಿಟ್ಟಿದ್ದರು. ಕುಂಚ ತೆಗೆದು ಈಗಲೇ ತಿದ್ದುತ್ತೇನೆಂದರೆ ಏನೆಂದು ತಿದ್ದುವುದು? ನೆನಪಿಟ್ಟಿದ್ದ ಒಬ್ಬಳೇ ಒಬ್ಬಳು ಮರೆತಿದ್ದಳು. ಬಸವಂತಮ್ಮನೇ ನೀರು ಕೊಟ್ಟು ಸಮಾಧಾನ ಮಾಡಿದಳು.

"ಆದದ್ದು ಆತು. ನಾಳಿ ನಾ ಸತ್ರ ನನ್ನ ಮಗ ನಿನ್ನ ಕಡೆನ ಬರ್ತಾನ. ಆವಾಗ ನನಗ ಇನ್ನೊಬ್ಬರ ಕಣ್ಣು ಹಚ್ಚಬ್ಯಾಡ, ನನ್ನವ ಹಚ್ಚು. ಅದಕ್ಕ ನಾ ಇದ್ದಾಗ ನೋಡಿಕೊಂಡು ಹೋಗು. ಬದುಕಿದವರ ಪಟ ಬೇಕಂದಿ, ಅದೂ ಆಗ್ತದ."

ಅಲ್ಲಿಂದ ಐದು ವರ್ಷ ವಿರೂಪಣ್ಣನ ಕಾಲಿಗೆ ಚಕ್ರ ಕಟ್ಟಿದಂತಾಯಿತು. ವಾರಕ್ಕೊಮ್ಮೆಯಾದರೂ ಬೆಳಗಿನ ಬಸ್ಸಿಗೆ ಗಬ್ಬೂರು. ಆದರೆ ಬಸವಂತಮ್ಮ ಕೂರುವ ಹೆಂಗಸಲ್ಲ. ಸಗಣಿ ಬಾಚುವಳು, ಜೋಳ ಹಸನು ಮಾಡುವಳು, ಬೀದಿಯಲ್ಲಿ ಹೋಗುವವರನ್ನು ಕರೆದು ಸುದ್ದಿ ಕೇಳುವಳು, ಎಮ್ಮೆಯ ಜೊತೆ ಜಗಳಾಡುವಳು. ವಿರೂಪಣ್ಣ ಮೂಲೆಯಲ್ಲಿ ಕ್ಯಾನ್ವಾಸು ನಿಲ್ಲಿಸಿಕೊಂಡು, "ನಿಂದ್ರು ಯವ್ವಾ, ಒಂದೀಟು ಸುಮ್ಮ ಕುಂದ್ರು" ಎಂದು ಅಂಗಲಾಚಿದರೆ, "ಸುಮ್ಮ ಕುಂದ್ರೋ ದಿನ ಬರ್ತದ, ಅವತ್ತ ಅವರ ಹಿಡದು ಕುಂದ್ರಸ್ತಾರ" ಎಂದು ಎದ್ದೇ ಹೋಗುವಳು. ಮೂರು ತಿಂಗಳು ಒದ್ದಾಡಿ ಮುಗಿಸಿದ ಮೊದಲ ಪಟದಲ್ಲಿ ಮುಖ, ಮೂಗು, ಹಣೆಯ ಗೆರೆ ಎಲ್ಲ ಕರಾರುವಾಕ್ಕು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿ, "ಕುಂದ್ರಿಸಿಬಿಟ್ಟೆಲ್ಲೋ ನನ್ನ. ಇಕಿ ಸತ್ತಾಳ" ಎಂದಳು.

ವಿರೂಪಣ್ಣ ನೋಡಿದರು. ಹೌದು, ಸತ್ತಿದ್ದಳು. ಎರಡು ಕಣ್ಣೂ ತೆರೆದು, ನೆಟ್ಟ ನೋಟದಲ್ಲಿ, ಗೋಡೆಗೆ ಒರಗಿಸಿ ಹೂವಿನಲ್ಲಿ ಮುಚ್ಚಲು ಸಿದ್ಧವಾಗಿ ಕೂತಿದ್ದಳು. ಕಾಲು ಶತಮಾನ ಹೆಣ ನೋಡಿದ ಕೈ ಅದು, ಬದುಕಿದವರನ್ನು ಬರೆದರೂ ಹಾಗೇ ಬರುತ್ತಿತ್ತು. ಎರಡನೆಯದೂ ಸತ್ತಿತು, ಏಳನೆಯದೂ ಸತ್ತಿತು. ಒಂದನ್ನೂ ಉಳಿಸದೆ ಹರಿದು ಬಸ್ಸಿನ ಕಿಟಕಿಯಿಂದ ಬಿಸಾಡುತ್ತ ಬಂದರು. ಖಾಸಿಂ ಸಾಬ್ ಮರುಕಪಟ್ಟು, "ಒಂದು ಫೋಟೋ ಹಿಡದು ಕೊಡ್ತೀನಿ ಪೇಂಟರ್ ಸಾಬ್, ಅದನ್ನ ಇಟಗೊಂಡು ತೆಗೀರಿ. ಯಾಕ ಖಾಲಿಪೀಲಿ ಪರೇಶಾನಿ?" ಎಂದರೆ, "ಫೋಟೋದಾಗ ಆಕಿ ನಿಂತಬಿಡ್ತಾಳ ಸಾಬಣ್ಣ" ಎಂದು ತಲೆ ಹಿಡಿದುಕೊಂಡರು. ಊರಿಗೆಲ್ಲ ನಿಲ್ಲು ನಿಲ್ಲು ಎನ್ನುತ್ತಿದ್ದವರ ಬಾಯಿಂದ ಈ ಮಾತು ಕೇಳಿ ಖಾಸಿಂ ಸಾಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನೊಂದು ಹುಳವೂ ಅವರ ತಲೆ ಹೊಕ್ಕಿತ್ತು. ತಾವು ಹಿಂದೆ ಬರೆದ ಪಟಗಳಿರುವ ಮನೆಗಳಿಗೆ ಹೇಳದೆ ಕೇಳದೆ ಹೋಗಿ ನಿಲ್ಲತೊಡಗಿದರು. ಮಾನ್ವಿ, ದೇವದುರ್ಗ, ಬಾಗಲವಾಡ, ಯಾಪಲದಿನ್ನಿ. ಕೊಟ್ಟ ಮಜ್ಜಿಗೆ ಕುಡಿಯದೆ ಪಟದೆದುರು ಶೇರವಾನಿಯ ಗುಂಡಿ ತಿರುವುತ್ತ ನಿಂತು, ಮನೆಯ ಹಿರಿಯ ಹೆಂಗಸರನ್ನು, "ಖರೇ ಹೇಳ್ರಿ ಯವ್ವಾ, ಇವರ ನೋಟ ಹಿಂಗ ಇತ್ತೇನು?" ಎಂದು ಕೇಳುವರು. ಮನೆಗೆ ಬಂದವರ ಮನಸ್ಸು ಯಾಕೆ ನೋಯಿಸಬೇಕೆಂದು ಎಲ್ಲರೂ ಹೌದೆನ್ನುವರು. ಆ ಹೌದನ್ನು ನಂಬಲಾರದೆ ಮುಂದಿನ ಊರಿನ ಬಸ್ಸು ಹತ್ತುವರು. ಆ ದಿನಗಳಲ್ಲಿ ಅವರು ಒಂದು ಕಡೆ ಕೂತು ಪೂರ್ತಿ ಊಟ ಮಾಡಿದ್ದನ್ನು ಅಂಬಮ್ಮ ಕಂಡಿರಲಿಲ್ಲವಂತೆ.

ಎಂಬತ್ಮೂರರ ಕೊನೆಯಲ್ಲಿ ಒಂದು ಮಧ್ಯಾಹ್ನ ಖಾಸಿಂ ಸಾಬ್ ಕಂದು ಬಣ್ಣದ ಲಕೋಟೆಯೊಂದನ್ನು ಹಿಡಿದು ಮನೆಗೆ ಬಂದರು. ಬಂದವರು ಸಲಾಮು ಮಾಡಲಿಲ್ಲ, ಕೂರಲಿಲ್ಲ. ಲಕೋಟೆಯನ್ನು ಹಲಗೆಯ ಮೇಲಿಟ್ಟು ಹಾಗೇ ನಿಂತರು. ವಿರೂಪಣ್ಣ ತೆಗೆದು ನೋಡಿದರು: ಗದ್ದಕ್ಕೆ ಅರಿವೆ, ಹಣೆ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಮುಚ್ಚಿದ ಕಣ್ಣು. ಬಸವಂತಮ್ಮ ಕಡೆಗೂ ಸುಮ್ಮನೆ ಕೂತಿದ್ದಳು.

"ಕುಂದ್ರಿಸ್ಯಾರ" ಎಂದರು ವಿರೂಪಣ್ಣ. ಅಂದವರೇ ಹೋ ಎಂದು ಅತ್ತುಬಿಟ್ಟರು. ಸಾವಿನ ಫೋಟೋಗಳ ನಡುವೆಯೇ ಬಾಳಿದ ಆ ಮನುಷ್ಯ ಅವುಗಳಲ್ಲೊಂದನ್ನು ಹಿಡಿದು ಅತ್ತದ್ದು ಅದೇ ಮೊದಲು.

ಮಾತು ಕೊಟ್ಟಿದ್ದರಲ್ಲ. ಫೋಟೋವನ್ನು ಬೋರಲು ಹಾಕಿ ಕುಂಚ ಹಿಡಿದರು. ಐದು ವರ್ಷ ಆಕೆಯನ್ನು ಎದುರಿಗೆ ಕಂಡದ್ದೆಲ್ಲ ಮನಸ್ಸಿಗೆ ತಂದುಕೊಂಡರೆ, ತಾವು ನಿಲ್ಲಿಸಿ ಕೂರಿಸಿ ನೋಡಿದ ಒಂದು ಗಳಿಗೆಯೂ ಬರಲಿಲ್ಲ. ಬಂದದ್ದು ಬೇರೆ. ಇವತ್ತೂ ಆಗಲಿಲ್ಲವೆಂದು ಸೋತು, ಕುಂಚ ಜೇಬಿಗೆ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಏಳುವಾಗ ಪ್ರತಿಸಲವೂ ಆಗುತ್ತಿದ್ದುದು: ಕಟ್ಟು ಬಿಚ್ಚಿಕೊಂಡ ಎಮ್ಮೆ ಕಣದ ಕಡೆಗೆ ಹೊರಡುವುದು, ಬಸವಂತಮ್ಮ ಅವರಿಗೆ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು, ಕತ್ತು ಹೊರಳಿಸಿ, ಒಳಗಿದ್ದ ಸೊಸೆಯನ್ನು ಕೂಗಲು ಬಾಯಿ ತೆರೆಯುವುದು, ಹೊರಳಿದ ರಭಸಕ್ಕೆ ಸೆರಗು ಹೆಗಲಿಗೆ ಜಾರುವುದು. ಆ ಓರೆ ನೋಟದಲ್ಲಿ ಸಿಟ್ಟಿತ್ತು, ಸಲುಗೆಯಿತ್ತು, ಬಂದ ನೆಂಟನೆದುರು ಮಾನ ಕಳೆದ ಎಮ್ಮೆಯ ಮೇಲೆ ಒಂಚೂರು ನಗುವೂ ಇತ್ತು. ತಾವು ನೋಡುವುದನ್ನು ಬಿಟ್ಟಾಗಲೇ ಆಕೆ ತಮಗೆ ಕಂಡಿದ್ದಳೆಂಬುದು ವಿರೂಪಣ್ಣನಿಗೆ ಅಂದು ತಿಳಿಯಿತು, ಜೀವ ಇರುವುದು ನಿಲ್ಲುವುದಿಲ್ಲವೆಂಬ ಉಸ್ತಾದರ ಮಾತಿನ ಮೊದಲರ್ಧವೂ ಅಂದೇ ತಿಳಿಯಿತು. ಹನ್ನೊಂದು ದಿನ ಮನೆಯ ಹೊಸ್ತಿಲು ದಾಟಲಿಲ್ಲ.

ಪಟವನ್ನು ಗಬ್ಬೂರಿಗೆ ತಾವೇ ಹೊತ್ತು ಒಯ್ದರು, ಜೊತೆಗೆ ಖಾಸಿಂ ಸಾಬ್. ಮುಂದಿನದನ್ನು ನನಗೆ ಹೇಳಿದವರು ಖಾಸಿಂ ಸಾಬರೇ. ಗಡಿಗೆಪ್ಪ ಹಾರ ತಂದಿಟ್ಟುಕೊಂಡಿದ್ದ, ನಾಲ್ಕು ಜನ ನೆಂಟರು ಕೂತಿದ್ದರು. ಅರಿವೆ ಸರಿಸಿ ಪಟವನ್ನು ಗೋಡೆಗೆ ಆನಿಸುವ ಹೊತ್ತಿಗೆ ಸರಿಯಾಗಿ ಸೊಸೆ ಶರಣಮ್ಮ ನೀರಿನ ಕೊಡ ಹೊತ್ತು ಒಳಗೆ ಬಂದಳು. ಬಂದವಳ ಕಣ್ಣು ಪಟಕ್ಕೆ ಬಿದ್ದದ್ದೇ ಕೊಡವನ್ನು ಅಲ್ಲೇ ಧೊಪ್ಪನೆ ಇಳಿಸಿ, "ಎಮ್ಮಿ ಕಟ್ಟಾಕ ಹೊಂಟೀನಿ ಅತ್ತಿ, ಹೊಂಟೀನಿ!" ಎಂದು ಹಿತ್ತಲಿಗೆ ಓಡಿದಳು.

ಹಿತ್ತಲ ಬಾಗಿಲಲ್ಲಿ ಶರಣಮ್ಮ ತಾನು ಮಾಡಿದ್ದೇನೆಂದು ತಿಳಿದು ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಯಾರೋ ನಕ್ಕರು, ಎಲ್ಲರೂ ನಕ್ಕರು, ನಗುನಗುತ್ತಲೇ ಗಡಿಗೆಪ್ಪ ಅಳತೊಡಗಿದ. ಕಣ್ಣೊರೆಸಿಕೊಂಡು ಕೈಯಲ್ಲಿದ್ದ ಹಾರವನ್ನು ನೋಡಿ, "ಇದಕ್ಕ ಹಾರ ಹಾಕಾಕ ಕೈ ಏಳವಲ್ದ್ರಿ ಪೇಂಟರೆ. ತಲಿ ಮ್ಯಾಲ ಸೆರಗೂ ಇಲ್ಲ, ಮಂದಿ ಏನಂತಾರ?" ಎಂದ.

"ಇರ್ಲಿ ಗಡಿಗೆಪ್ಪ. ಇಪ್ಪತ್ಮೂರು ವರ್ಷ ಹೊತ್ತಾಳ, ಸಾಕು" ಎಂದರು ವಿರೂಪಣ್ಣ.

ಬಸವಂತಮ್ಮನನ್ನು ಗಂಡನ ಪಕ್ಕದಲ್ಲಿ ತೂಗುಹಾಕಲಿಲ್ಲ. ಹಿತ್ತಲ ಬಾಗಿಲು ಕಾಣುವ ಎದುರು ಗೋಡೆಗೆ ಹಾಕಿದರು, ಹಾರವಿಲ್ಲದೆ. ಎಮ್ಮೆ ಕಟ್ಟುವ ಜಾಗ ಅಲ್ಲಿಂದ ನೇರ.

ಈ ಸುದ್ದಿ ಅಂಬಮ್ಮನ ಕಿವಿಗೆ ಬಿತ್ತು. ಆಕೆ ಗಂಡನಿಗೆ ಹೇಳದೆ ತಾನೊಬ್ಬಳೇ ಗಬ್ಬೂರಿನ ಬಸ್ಸು ಹತ್ತಿ ಹೋಗಿ ಆ ಪಟವನ್ನು ನೋಡಿ ಬಂದಳು. ಮಾರನೆಯ ಬೆಳಿಗ್ಗೆ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಅವರ ಕ್ಯಾನ್ವಾಸಿನ ಎದುರಿಗೆ ಬಂದು ಕೂತು, "ಹೂಂ, ತೆಗೀರಿ" ಎಂದಳು. ಮೂವತ್ತು ವರ್ಷದ ರೂಢಿ, ಬಾಯಿ ತುದಿಗೆ "ನಿಂ..." ಎಂದು ಬಂದದ್ದನ್ನು ವಿರೂಪಣ್ಣ ನುಂಗಿಕೊಂಡರು.

"ನಿಂದ್ರಬ್ಯಾಡ. ನಿನ್ನ ಕೆಲಸ ನೀ ಮಾಡಕೋಂತ ಇರು."

ಆ ಪಟ ಮುಗಿಯಲೇ ಇಲ್ಲ. ಅಂಬಮ್ಮನ ತಲೆ ನೆರೆತಂತೆಲ್ಲ ಪಟದ ತಲೆಗೂ ಬಿಳಿ ಹಚ್ಚುವರು, ಹಲ್ಲು ಬಿದ್ದರೆ ಕೆನ್ನೆ ಒಳಗೆ ತಳ್ಳುವರು, ಜ್ವರದಿಂದ ಎದ್ದರೆ ಬಣ್ಣ ತಿಳಿ ಮಾಡುವರು. ಅವರ ಜೀವಮಾನದಲ್ಲಿ ಹಾರದ ಭಯವಿಲ್ಲದೆ ಬರೆದ ಮುಖ ಅದೊಂದೇ. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಅದರ ಮೂಗುಬೊಟ್ಟಿನ ಹೊಳಪನ್ನು ತಿದ್ದುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದರು.

ಕುಳ್ಳಿರಿಸಿದರು. ಶೇರವಾನಿ ತೊಡಿಸಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿದರು. ಖಾಸಿಂ ಸಾಬ್ ಕ್ಯಾಮೆರಾದ ಕರಿಯ ಬಟ್ಟೆಯೊಳಗೆ ಬಹಳ ಹೊತ್ತು ತಲೆ ಹುದುಗಿಸಿಕೊಂಡೇ ಇದ್ದರು. ನಾನೂ ಅಲ್ಲಿದ್ದೆ. ಫೋಟೋ ಸಿದ್ಧವಾಗಿ ಬಂದಾಗ ಎಲ್ಲರಿಗೂ ಹೊಳೆದ ಪ್ರಶ್ನೆ ಒಂದೇ, ಇವರ ಕಣ್ಣು ತೆರೆಸುವವರು ಯಾರು? ಹೈದರಾಬಾದಿಗೆ ಒಯ್ದು ಅಲ್ಲಿನ ಪೇಂಟರರಿಂದ ಬರೆಸಿಕೊಂಡು ಬರುತ್ತೇನೆಂದು ಖಾಸಿಂ ಸಾಬ್ ಹೇಳಿದರು. ಅಂಬಮ್ಮ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ಆ ಮುಚ್ಚಿದ ರೆಪ್ಪೆಗಳನ್ನು ಸವರಿ, ಬೇಡವೆಂದಳು.

"ಇರ್ಲಿ ಬಿಡ್ರಿ ಅಣ್ಣಾರ. ಜಲ್ಮೆಲ್ಲ ಮಂದಿ ಮಾರಿ ಹುಡುಕಿ ಹುಡುಕಿ ದಣದಾವ. ಮುಚ್ಚಿಕೊಂಡ ಇರ್ಲಿ."

ಹಾಗೇ ಇದೆ ಈಗಲೂ ಆ ಮನೆಯ ಗೋಡೆಯ ಮೇಲೆ. ಒಂದು ಕಡೆ ಕಣ್ಣು ಮುಚ್ಚಿದ ವಿರೂಪಣ್ಣ, ಪಕ್ಕದಲ್ಲಿ ಮೊರದ ಬೇಳೆಯಿಂದ ತಲೆಯೆತ್ತಿ ಅವರ ಕಡೆ ನೋಡುತ್ತಿರುವ ಅಂಬಮ್ಮ. ನೋಡುವುದನ್ನೇ ಬದುಕು ಮಾಡಿಕೊಂಡವರ ಪಾಡು ಇದು. ಅವರು ನಮ್ಮಿಂದ ಕೇಳುವುದು ತೀರ ಸಣ್ಣದು, ಎದುರಾದಾಗ ಒಂದು ಗಳಿಗೆ ಮುಖ ಮರೆಮಾಡದೆ ನಮ್ಮ ಪಾಡಿಗೆ ನಾವಿರುವುದು. ಅಷ್ಟನ್ನೂ ಕೊಡಲು ನಮಗೆ ಅಂಜಿಕೆ. ಅವರ ಕೈಗೆ ಸಿಕ್ಕರೆ ಸಾಯುತ್ತೇವೆಂದುಕೊಂಡು ತಿರುಗಿ ನಿಲ್ಲುತ್ತೇವೆ, ಅವರು ಮಾತ್ರ ಸಿಕ್ಕಷ್ಟನ್ನೇ ಪ್ರೀತಿಯಿಂದ ಬರೆದಿಟ್ಟು ಹೋಗುತ್ತಾರೆ. ತೀನ್ ಕಂದೀಲಿನಲ್ಲಿ ಒಂದು ಮಧ್ಯಾಹ್ನ ವಿರೂಪಣ್ಣ ನನ್ನ ಕಡೆಗೂ ಹೆಬ್ಬೆರಳು ಹಿಡಿದು "ನಿಂದ್ರು" ಎಂದಿದ್ದರು, ನಾನೂ ಪಟ್ಟನೆ ಕೊಡೆ ಬಿಚ್ಚಿ ತಿರುಗಿದ್ದೆ. ಎಪ್ಪತ್ತಾರರ ಒಂದು ಹಳೆಯ ಸಂಚಿಕೆಯಲ್ಲಿ, ಯಾರದೋ ಕತೆಯ ಪಕ್ಕದಲ್ಲಿ, ಕೊಡೆ ಹಿಡಿದ ನನ್ನ ಬೆನ್ನು ಅಚ್ಚಾಗಿದೆ.